ಒಂಬತ್ತೂಕಾಲಿಗೆ ಬರುತ್ತಿದ್ದ ದೀಪ ಎಂಟೂಮುಕ್ಕಾಲಿಗೇ ಬಂತು

ಪ್ರಶ್ನೆ: ಮೇಡಂ, ಒಂದು ವಾರದಿಂದ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಡಿಸೆಂಬರ್ ಮೊದಲ ವಾರ ಒಂದು ರಾತ್ರಿ ಒಂಬತ್ತೂಕಾಲರ ಹೊತ್ತಿಗೆ ತಾರಸಿಯಿಂದ ನೋಡಿದರೆ ಪೂರ್ವಕ್ಕೆ, ತುಸು ದಕ್ಷಿಣದ ಕಡೆ, ಮರಗಳ ಮೇಲೆ ಒಂದು ದೀಪ. ಕೆಂಪು, ಹಸಿರು, ನೀಲಿ ಅಂತ ಪಟಪಟ ಬಣ್ಣ ಬದಲಾಯಿಸುತ್ತೆ. ಸದ್ದಿಲ್ಲ. ನಿಂತಲ್ಲೇ ಅತ್ತಿತ್ತ ಅಲುಗಾಡುತ್ತೆ. ದಿನಾ ಬರುತ್ತೆ, ಈ ವಾರವಂತೂ ಎಂಟೂಮುಕ್ಕಾಲಿಗೇ ಬಂದುಬಿಟ್ಟಿತ್ತು. ಮೊಬೈಲಲ್ಲಿ ಜೂಮ್ ಮಾಡಿ ವಿಡಿಯೊ ತೆಗೆದರೆ ದುಂಡನೆಯ ತಟ್ಟೆ, ಅದರೊಳಗೆ ಬಣ್ಣದ ಗೆರೆಗಳು ಓಡಾಡುತ್ತವೆ. ಮೊನ್ನೆ ಸಂಜೆ ಏಳರ ಸುಮಾರಿಗೆ ಇನ್ನೊಂದು ನೋಡಿದೆವು. ಇಪ್ಪತ್ತಕ್ಕೂ ಹೆಚ್ಚು ದೀಪಗಳು ಒಂದೇ ಸಾಲಾಗಿ ಪಶ್ಚಿಮದಿಂದ ಬಂದು, ನೆತ್ತಿ ದಾಟಿ, ಪೂರ್ವದಲ್ಲಿ ಒಂದೇ ಜಾಗದಲ್ಲಿ ಒಂದೊಂದಾಗಿ ಆರಿಹೋದವು. ಅತ್ತೆಯವರು ಅದು ಕಿಟಕಿಗಳಿದ್ದ ಒಂದೇ ಉದ್ದನೆಯ ವಾಹನ ಅಂತಾರೆ. ನನಗೆ ಬಿಡಿಬಿಡಿ ದೀಪಗಳೇ ಕಂಡವು. ಪಕ್ಕದ ಮನೆಯವರು ಕಳ್ಳರು ಡ್ರೋನ್ ಬಿಟ್ಟು ಮನೆ ಗುರುತು ಹಾಕಿಕೊಳ್ತಿದ್ದಾರೆ ಅಂತ ಹೇಳಿ ನನ್ನ ವಿಡಿಯೊವನ್ನೇ ಬೀದಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದಾರೆ. ಮಗ ಹಸಿರು ಲೇಸರ್ ತರಿಸಿಟ್ಟುಕೊಂಡು ‘ಹೊಡೆದು ನೋಡ್ತೀನಿ’ ಅಂತಿದ್ದಾನೆ. ಏಳು ವರ್ಷದ ಮಗಳು ತಾರಸಿ ಹತ್ತೋದನ್ನೇ ಬಿಟ್ಟಿದ್ದಾಳೆ. ಇದು ಏನು ಮೇಡಂ? ಪೊಲೀಸರಿಗೆ ಹೇಳಬೇಕಾ? ಟೆಲಿಸ್ಕೋಪ್ ತಗೊಂಡರೆ ಗೊತ್ತಾಗುತ್ತಾ?

ಉತ್ತರ: ಮುಂದಕ್ಕೆ ಓದುವ ಮೊದಲು ಆ ಲೇಸರನ್ನು ಮಗನ ಕೈಯಿಂದ ತೆಗೆದು ಬೀರುವಿನಲ್ಲಿಟ್ಟು ಬನ್ನಿ. ಯಾಕೆಂದು ಆಮೇಲೆ ಹೇಳುತ್ತೇನೆ.

ನೀವು ಹೆದರಿದ್ದರಲ್ಲಿ ತಪ್ಪೇನಿಲ್ಲ. ಗುರುತು ಪರಿಚಯವಿಲ್ಲದ ದೀಪವೊಂದು ದಿನಾ ರಾತ್ರಿ ಮನೆಯ ಕಡೆ ಮುಖ ಮಾಡಿ ನಿಂತಿದೆ ಅನ್ನಿಸಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಆದರೆ ನಿಮ್ಮ ಪತ್ರದಲ್ಲಿ ಗಾಬರಿಯ ಜೊತೆಗೆ ಇನ್ನೊಂದೂ ಇದೆ: ಹೊತ್ತು, ದಿಕ್ಕು, ಬಂದ ದಾರಿ, ಆರಿದ ಜಾಗ. ತಾರಾಲಯದಲ್ಲಿ ಕೆಲಸ ಮಾಡುತ್ತಿದ್ದಷ್ಟು ವರ್ಷವೂ ಇಂಥ ದೂರವಾಣಿ ಕರೆಗಳಿಗೆ ಉತ್ತರ ಹೇಳಿದವಳು ನಾನು. ‘ಏನೋ ದೊಡ್ಡದು, ತುಂಬಾ ವೇಗವಾಗಿ ಹೋಯ್ತು’ ಎಂದಷ್ಟೇ ಹೇಳುವವರೇ ಬಹಳ. ನೀವು ‘ಒಂಬತ್ತೂಕಾಲು, ಈಗ ಎಂಟೂಮುಕ್ಕಾಲು’ ಎಂದು ಬರೆದಿದ್ದೀರಿ. ನಿಮ್ಮ ಪ್ರಶ್ನೆಯ ಉತ್ತರ ಅದರಲ್ಲೇ ಇದೆ.

ಮೊದಲಿಗೆ, ನೀವು ನೋಡಿದ್ದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಗತಿ. ಒಂದೇ ವಾರದಲ್ಲಿ ಕಂಡದ್ದರಿಂದ ಮನಸ್ಸು ಎರಡಕ್ಕೂ ಗಂಟು ಹಾಕಿದೆ. ಗಂಟು ಬಿಚ್ಚಿ ಬೇರೆಬೇರೆಯಾಗಿ ನೋಡೋಣ.

ದಿನಾ ಬರುವ ದೀಪ ಲುಬ್ಧಕ ನಕ್ಷತ್ರ, ಇಂಗ್ಲಿಷಿನಲ್ಲಿ ಸಿರಿಯಸ್ ಅನ್ನುತ್ತಾರಲ್ಲ, ಅದೇ. ಸೂರ್ಯನನ್ನು ಬಿಟ್ಟರೆ ನಮ್ಮ ಕಣ್ಣಿಗೆ ಅತ್ಯಂತ ಪ್ರಕಾಶಮಾನವಾಗಿ ಕಾಣುವ ನಕ್ಷತ್ರ, ದೂರ 8.6 ಜ್ಯೋತಿರ್ವರ್ಷ. ಇಷ್ಟು ಖಚಿತವಾಗಿ ಹೇಳಲು ಕಾರಣ ನಿಮ್ಮ ಗಡಿಯಾರ. ಭೂಮಿ ತನ್ನ ಸುತ್ತ ಪೂರ್ತಿ ಒಂದು ಸುತ್ತು ತಿರುಗಲು ತೆಗೆದುಕೊಳ್ಳುವುದು ಸುಮಾರು 23 ಗಂಟೆ 56 ನಿಮಿಷ. ನಮ್ಮ ಗಡಿಯಾರ ಸೂರ್ಯನನ್ನು ನಂಬಿ 24 ಗಂಟೆ ಎಣಿಸುತ್ತದೆ. ಹಾಗಾಗಿ ಪ್ರತಿಯೊಂದು ನಕ್ಷತ್ರವೂ ದಿನಕ್ಕೆ ನಾಲ್ಕು ನಿಮಿಷ ಮುಂಚಿತವಾಗಿ ಹುಟ್ಟುತ್ತದೆ. ವಾರಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆ. ನಿಮ್ಮ ದೀಪ ವಾರದಲ್ಲಿ ಎಷ್ಟು ಮುಂಚಿತವಾಗಿ ಬಂತು? ಸರಿಯಾಗಿ ಅರ್ಧ ಗಂಟೆ. ಕಳ್ಳನಿಗೆ ಈ ಶಿಸ್ತು ಇರುವುದಿಲ್ಲ. ಡಿಸೆಂಬರಿನಲ್ಲಿ ಆ ಹೊತ್ತಿಗೆ, ಪೂರ್ವಕ್ಕೆ ತುಸು ದಕ್ಷಿಣದಲ್ಲಿ ಮೇಲೇರುವುದೂ ಲುಬ್ಧಕವೇ.

ನನ್ನ ಮಾತನ್ನು ನಂಬಬೇಕಾಗಿಲ್ಲ, ಇವತ್ತೇ ಪರೀಕ್ಷಿಸಿ. ದೀಪ ಕಂಡಾಗ ಅದರ ಮೇಲ್ಗಡೆ ಸಾಲಾಗಿ ಮೂರು ನಕ್ಷತ್ರ ಒತ್ತೊತ್ತಾಗಿ ಇವೆಯೇ ನೋಡಿ. ಅದು ಮಹಾವ್ಯಾಧ ಎಂಬ ನಕ್ಷತ್ರಪುಂಜದ (ಇಂಗ್ಲಿಷಿನಲ್ಲಿ ಓರಿಯನ್) ನಡುಪಟ್ಟಿ. ತೋಳು ಪೂರ್ತಿ ಚಾಚಿ ಬೆರಳು ಅಗಲಿಸಿದರೆ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಆಕಾಶದಲ್ಲಿ ಸುಮಾರು ಇಪ್ಪತ್ತು ಡಿಗ್ರಿ ಆಗುತ್ತದೆ. ಆ ಮೂರು ನಕ್ಷತ್ರಗಳ ಗೆರೆಯನ್ನು ಕೆಳಕ್ಕೆ ಎಳೆಯುತ್ತಾ ಹೋದರೆ ಒಂದು ಗೇಣಿಗಿಂತ ತುಸು ಹೆಚ್ಚು ದೂರದಲ್ಲಿ ನಿಮ್ಮ ದೀಪ ಸಿಗಬೇಕು. ಸಿಕ್ಕರೆ ಹೆಸರು ಗೊತ್ತಾದಂತೆ.

ಹಾಗಾದರೆ ಬಣ್ಣ ಯಾಕೆ? ಲುಬ್ಧಕ ನಿಜವಾಗಿ ಬಿಳಿ, ತುಸು ನೀಲಿ ಬೆರೆತ ಬಿಳಿ. ಬಣ್ಣ ಆಡಿಸುವುದು ನಮ್ಮ ಗಾಳಿ. ನೆತ್ತಿಯ ಮೇಲಿನ ನಕ್ಷತ್ರದ ಬೆಳಕು ವಾತಾವರಣವನ್ನು ನೇರವಾಗಿ ಇಳಿದು ಬರುತ್ತದೆ. ದಿಗಂತದಿಂದ ಬರೀ ಐದು ಡಿಗ್ರಿ ಮೇಲಿರುವ ನಕ್ಷತ್ರದ ಬೆಳಕು ಓರೆಯಾಗಿ ಬರುವುದರಿಂದ ಅದರ ಹತ್ತು ಪಟ್ಟು ಗಾಳಿಯನ್ನು ಹಾಯಬೇಕು. ಆ ಗಾಳಿಯಲ್ಲಿ ಬಿಸಿ, ತಂಪು ಗುಳ್ಳೆಗಳು ಕಲಸಿಕೊಂಡು ಹರಿಯುತ್ತಿರುತ್ತವೆ. ಪ್ರತಿಯೊಂದು ಗುಳ್ಳೆಯೂ ಸಣ್ಣ ಮಸೂರದ ಹಾಗೆ ಬೆಳಕನ್ನು ಒಮ್ಮೆ ಕೂಡಿಸುತ್ತದೆ, ಒಮ್ಮೆ ಚದುರಿಸುತ್ತದೆ. ಜೊತೆಗೆ ಗಾಳಿ ನೀಲಿಯನ್ನು ಕೆಂಪಿಗಿಂತ ಒಂದು ಚೂರು ಹೆಚ್ಚು ಬಾಗಿಸುವುದರಿಂದ ಎರಡೂ ಬಣ್ಣ ಒಂದೇ ದಾರಿಯಲ್ಲಿ ಬರುವುದಿಲ್ಲ. ಈ ಕ್ಷಣ ಕೆಂಪಿನ ದಾರಿ ತೆರೆದಿದ್ದರೆ ಮರುಕ್ಷಣ ನೀಲಿಯದು. ಬೇರೆ ನಕ್ಷತ್ರಗಳಿಗೂ ಹೀಗೇ ಆಗುತ್ತದೆ, ಅವು ಮಂಕಾಗಿರುವುದರಿಂದ ನಮ್ಮ ಕಣ್ಣು ಬಣ್ಣ ಹಿಡಿಯುವುದಿಲ್ಲ ಅಷ್ಟೆ. ಅದೇ ಲುಬ್ಧಕವನ್ನು ನಡುರಾತ್ರಿ ಒಮ್ಮೆ ಎದ್ದು ನೋಡಿ, ಮೇಲೇರಿದ್ದು ಎಷ್ಟೋ ಸಮಾಧಾನವಾಗಿರುತ್ತದೆ.

ಅಲುಗಾಟದ್ದು ಬೇರೆ ಕತೆ, ಅದು ಗಾಳಿಯದಲ್ಲ, ನಿಮ್ಮ ಕಣ್ಣಿನದು. ಸುತ್ತ ಕತ್ತಲಿದ್ದು ಒಂದೇ ಒಂದು ಬೆಳಕಿನ ಚುಕ್ಕಿಯನ್ನು ದಿಟ್ಟಿಸುತ್ತಿದ್ದರೆ, ಹೋಲಿಸಿ ನೋಡಲು ಪಕ್ಕದಲ್ಲಿ ಏನೂ ಇಲ್ಲದೆ, ಚುಕ್ಕಿ ತಾನಾಗಿ ತೇಲುವಂತೆ ಕಾಣುತ್ತದೆ. ರಾತ್ರಿ ಹಾರುವ ಪೈಲಟ್‌ಗಳಿಗೆ ತರಬೇತಿಯಲ್ಲೇ ಇದನ್ನು ಹೇಳಿಕೊಡುತ್ತಾರೆ. ಇದನ್ನು ಹಿಡಿಯುವುದು ಸುಲಭ. ಕುರ್ಚಿ ಹಾಕಿಕೊಂಡು ತಲೆಯನ್ನು ಗೋಡೆಗೆ ಒರಗಿಸಿ. ದೀಪವನ್ನು ಒಂದು ತಂತಿಗೋ ಕಂಬದ ತುದಿಗೋ ತಾಗಿಸಿದಂತೆ ಇಟ್ಟುಕೊಂಡು ಐದು ನಿಮಿಷ ಕದಲದೆ ಕೂತುಕೊಳ್ಳಿ. ಅತ್ತಿತ್ತ ಓಲಾಟ ನಿಂತುಹೋಗುತ್ತದೆ. ಆದರೆ ದೀಪ ಆ ತುದಿಯನ್ನು ಬಿಟ್ಟು ಎರಡು ಹುಣ್ಣಿಮೆ ಚಂದ್ರರ ಅಗಲದಷ್ಟು ಮೇಲೇರಿರುತ್ತದೆ. ಹಾಗೆ ನಿಧಾನಕ್ಕೆ, ಒಂದೇ ಸಮನೆ ಏರುವುದು ಭೂಮಿ ತಿರುಗುವುದರಿಂದ.

ವಿಡಿಯೊ. ನಿಜ ಹೇಳಲೇ, ನನಗೆ ಬರುವ ಪತ್ರಗಳಲ್ಲಿ ಜನರನ್ನು ಅತಿ ಹೆಚ್ಚು ಹೆದರಿಸಿರುವುದು ಆಕಾಶವಲ್ಲ, ಮೊಬೈಲ್. ಕತ್ತಲಲ್ಲಿ ಒಂದು ಚುಕ್ಕಿಯ ಮೇಲೆ ಫೋಕಸ್ ಮಾಡು ಎಂದರೆ ಮೊಬೈಲಿಗೆ ತಬ್ಬಿಬ್ಬು. ಲೆನ್ಸ್ ಹಿಂದೆ ಮುಂದೆ ಹುಡುಕಾಡಿ, ಸಿಗದೆ, ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಫೋಕಸ್ ತಪ್ಪಿದ ಚುಕ್ಕಿ ಚಿತ್ರದಲ್ಲಿ ಚುಕ್ಕಿಯಾಗಿ ಉಳಿಯುವುದಿಲ್ಲ, ಲೆನ್ಸಿನ ತೂತಿನ ಆಕಾರವನ್ನು ಪಡೆಯುತ್ತದೆ. ತೂತು ದುಂಡಗಿದ್ದರೆ ತಟ್ಟೆ ದುಂಡಗೆ. ಹುಡುಕಾಟ ನಡೆದಾಗ ತಟ್ಟೆ ಹಿಗ್ಗಿ ಕುಗ್ಗಿ ಉಸಿರಾಡಿದ ಹಾಗೆ ಕಾಣುತ್ತದೆ. ಅದರ ಮೇಲೆ ಜೂಮ್. ಕೈಯಲ್ಲಿರುವ ನಾಲ್ಕಾರು ಪಿಕ್ಸೆಲ್‌ಗಳನ್ನು ಎಳೆದು ದೊಡ್ಡದು ಮಾಡಿ, ಅಂಚುಗಳನ್ನು ತಾನೇ ಊಹಿಸಿ ತಿದ್ದಿ ನಿಮಗೆ ಕೊಡುತ್ತದೆ. ತಟ್ಟೆಯೊಳಗೆ ಓಡಿದ ಬಣ್ಣದ ಗೆರೆಗಳು ಮಾತ್ರ ನಿಜ: ನಾನು ಹೇಳಿದ ಆ ಗಾಳಿಯ ಗುಳ್ಳೆಗಳ ನೆರಳು ಅವು. ನೀವು ಗೊತ್ತಿಲ್ಲದೆಯೇ ವಾತಾವರಣದ ಚಿತ್ರ ತೆಗೆದಿದ್ದೀರಿ, ಅದನ್ನು ಅಳಿಸಬೇಡಿ. ದೂರದ ಬೀದಿದೀಪವನ್ನು ಅದೇ ಜೂಮಿನಲ್ಲಿ, ಫೋಕಸ್ ಬೇಕೆಂದೇ ತಪ್ಪಿಸಿ ತೆಗೆದುನೋಡಿ. ಅದೇ ತಟ್ಟೆ ಬರುತ್ತದೆ.

ಇದೇ ಮಾತಿಗೆ ಇನ್ನೊಂದು. ಹತ್ತಿರದಲ್ಲಿ ಜೋರಾದ ದೀಪವಿದ್ದರೆ ಲೆನ್ಸಿನ ಒಳಗೇ ಬೆಳಕು ಪುಟಿದು ಚಿತ್ರದಲ್ಲಿ ಹಸಿರು ಚುಕ್ಕಿಯೊಂದು ಮೂಡುತ್ತದೆ. ಮೊಬೈಲನ್ನು ಎಡಕ್ಕೆ ತಿರುಗಿಸಿದಾಗ ನಿಜವಾದ ದೀಪ ಒಂದು ಕಡೆ ಸರಿದರೆ ಈ ಚುಕ್ಕಿ ಎದುರು ಕಡೆ ಓಡುತ್ತದೆ. ಕಣ್ಣಿಗೆ ಕಾಣದ್ದು ಮೊಬೈಲಿನಲ್ಲಿ ಮಾತ್ರ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಇನ್ನು ಮೊನ್ನೆಯ ಸಾಲುದೀಪ. ಅವು ಉಪಗ್ರಹಗಳು. ಸ್ಪೇಸ್‌ಎಕ್ಸ್ ಕಂಪನಿ ಇಂಟರ್‌ನೆಟ್ ಸೇವೆಗಾಗಿ ಹಾರಿಸುವ ಸ್ಟಾರ್‌ಲಿಂಕ್ ಉಪಗ್ರಹಗಳು ಒಂದೇ ರಾಕೆಟ್ಟಿನಲ್ಲಿ ಹತ್ತಾರು ಒಟ್ಟಿಗೆ ಹೋಗುತ್ತವೆ. ಬಿಟ್ಟ ಮೊದಲ ಕೆಲವು ದಿನ ಒಂದರ ಹಿಂದೆ ಒಂದು, ಕೆಳಗಿನ ಕಕ್ಷೆಯಲ್ಲಿ ಸಾಗುತ್ತಿದ್ದು, ಆಮೇಲೆ ಸುಮಾರು 550 ಕಿಲೋಮೀಟರ್ ಎತ್ತರಕ್ಕೆ ಏರುತ್ತಾ ದೂರದೂರ ಸರಿದುಬಿಡುತ್ತವೆ. ಅಂಥ 60 ಉಪಗ್ರಹಗಳ ಮೊದಲ ಕಂತು ಹಾರಿದ್ದು 2019ರ ಮೇ ತಿಂಗಳಲ್ಲಿ. ನೆದರ್ಲೆಂಡ್ಸ್‌ನ ಲೈಡನ್ ನಗರದಿಂದ ಮಾರ್ಕೊ ಲಾಂಗ್‌ಬ್ರೂಕ್ ಎಂಬ ಉಪಗ್ರಹ ವೀಕ್ಷಕರು ಲೆಕ್ಕ ಹಾಕಿಕೊಂಡು ಕಾದಿದ್ದು ಆ ಸಾಲನ್ನು ವಿಡಿಯೊ ಮಾಡಿದರು. ಗೊತ್ತಿಲ್ಲದೆ ನೋಡಿದವರು ಮಾತ್ರ ಆಗಲೂ ನಿಮ್ಮ ಹಾಗೇ ಬೆಚ್ಚಿಬಿದ್ದರು.

ಅವು ಒಂದೊಂದಾಗಿ, ಒಂದೇ ಜಾಗದಲ್ಲಿ ಆರಿದವು ಎಂದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ ಸಾಲು ಅದು. ಉಪಗ್ರಹಕ್ಕೆ ಸ್ವಂತ ದೀಪವಿಲ್ಲ, ನಮಗೆ ಕಾಣುವುದು ಅದರ ಮೇಲೆ ಬಿದ್ದ ಬಿಸಿಲು. ಸಂಜೆ ಏಳಕ್ಕೆ ನಿಮ್ಮ ತಾರಸಿ ಕತ್ತಲಾಗಿದ್ದರೂ ನೂರಾರು ಕಿಲೋಮೀಟರ್ ಮೇಲೆ ಇನ್ನೂ ಬಿಸಿಲಿರುತ್ತದೆ. ಪೂರ್ವದ ಕಡೆ ಸಾಗಿದಂತೆ ಅವು ಭೂಮಿಯ ನೆರಳಿಗೆ ಹೊಕ್ಕವು. ಮೊದಲನೆಯದು ಹೊಕ್ಕಲ್ಲೇ ಎರಡನೆಯದೂ, ಮೂರನೆಯದೂ. ನೀವು ಅವತ್ತು ನೋಡಿದ್ದು ಇರುಳಿನ ಅಂಚನ್ನು.

ಅತ್ತೆಯವರು ಸುಳ್ಳು ಹೇಳುತ್ತಿಲ್ಲ, ದಯವಿಟ್ಟು ಅವರ ಜೊತೆ ವಾದ ಬೇಡ. ಕತ್ತಲಲ್ಲಿ ದೀಪಗಳು ಸಾಲಾಗಿ, ಒಂದೇ ವೇಗದಲ್ಲಿ ಹೋದರೆ ಅವುಗಳ ನಡುವಿನ ಕಪ್ಪನ್ನು ಮನಸ್ಸು ಒಂದು ವಾಹನದ ಮೈ ಎಂದು ತುಂಬಿಕೊಳ್ಳುತ್ತದೆ. 1968ರ ಮಾರ್ಚ್ 3ರ ರಾತ್ರಿ ಅಮೆರಿಕದ ಹಲವು ರಾಜ್ಯಗಳ ಜನ ಇಂಥದ್ದೇ ನೋಡಿದರು. ಹಿಂದಿನ ದಿನ ಸೋವಿಯತ್ ಒಕ್ಕೂಟ ಹಾರಿಸಿದ್ದ ಜೋಂಡ್ 4 ನೌಕೆಯ ರಾಕೆಟ್ಟಿನ ಚೂರುಗಳು ವಾತಾವರಣಕ್ಕೆ ಬಿದ್ದು ಉರಿಯುತ್ತಾ ಸಾಲಾಗಿ ಹೋಗಿದ್ದವು. ನೋಡಿದವರಲ್ಲಿ ಬಹಳಷ್ಟು ಜನ ಸರಿಯಾಗಿಯೇ ‘ಉರಿಯುವ ಚೂರುಗಳು’ ಎಂದು ಬರೆದುಕೊಟ್ಟರು. ಕೆಲವರು ಮಾತ್ರ ಚುಟ್ಟದ ಆಕಾರದ ಹಡಗು, ಅದಕ್ಕೆ ಸಾಲಾಗಿ ಬೆಳಗಿದ ಕಿಟಕಿಗಳು, ತೀರ ಹತ್ತಿರದಲ್ಲೇ ಹೋಯಿತು ಎಂದರು. ನೋಡಿದ್ದು ಎಲ್ಲರೂ ಒಂದೇ.

ಈ ‘ಹತ್ತಿರ’ ಅನ್ನುವುದನ್ನೇ ಸ್ವಲ್ಪ ಹಿಡಿದು ನೋಡಬೇಕು. ರಾತ್ರಿ ಆಕಾಶದ ಚುಕ್ಕಿಗೆ ದೂರವಿಲ್ಲ. ಅಂದರೆ, ಕಣ್ಣಿಗೆ ಅದನ್ನು ಅಳೆಯುವ ದಾರಿಯೇ ಇಲ್ಲ. ದೂರ ಗೊತ್ತಿಲ್ಲದೆ ಗಾತ್ರ ಗೊತ್ತಾಗದು, ವೇಗವೂ ಗೊತ್ತಾಗದು. ನಾವು ಮೊದಲು ದೂರವನ್ನು ಊಹಿಸಿಕೊಂಡು ಮಿಕ್ಕಿದ್ದನ್ನೆಲ್ಲ ಅದರ ಮೇಲೆ ಕಟ್ಟುತ್ತೇವೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ನನ್ನ ಸಹೋದ್ಯೋಗಿಯೂ ಗುಡ್ಡದ ಮೇಲೆ ಒಂದು ದೀಪ ಏಳೆಂಟು ನಿಮಿಷ ಕದಲದೆ ನಿಂತಿದ್ದನ್ನು ಬಾಯಿ ಬಿಟ್ಟುಕೊಂಡು ನೋಡಿದ್ದೆವು. ಪುಸ್ತಕ ತೆಗೆದು ಬರೆದುಕೊಳ್ಳಲು ಶುರುಮಾಡಿದ್ದೂ ಆಯಿತು. ಆಮೇಲೆ ಅದು ನಿಧಾನಕ್ಕೆ ಪಕ್ಕಕ್ಕೆ ತಿರುಗಿತು. ಒಂದು ತುದಿಯಲ್ಲಿ ಕೆಂಪು, ಇನ್ನೊಂದು ತುದಿಯಲ್ಲಿ ಹಸಿರು. ಇಳಿಯಲು ಮುಂದಿನ ದೀಪ ಹಾಕಿಕೊಂಡು ನೇರ ನಮ್ಮ ಕಡೆಗೇ ಬರುತ್ತಿದ್ದ ವಿಮಾನ! ಎಡ ರೆಕ್ಕೆಗೆ ಕೆಂಪು, ಬಲ ರೆಕ್ಕೆಗೆ ಹಸಿರು, ಎಲ್ಲ ವಿಮಾನಕ್ಕೂ ಅದೇ ನಿಯಮ. ಸದ್ದು ಬರಲಿಲ್ಲವೆಂದು ವಿಮಾನವಲ್ಲ ಎನ್ನುವಂತಿಲ್ಲ. ಹತ್ತು ಕಿಲೋಮೀಟರ್ ಮೇಲೆ ಹಾರುವ ವಿಮಾನದ ಸದ್ದು ನಮಗೆ ಮುಟ್ಟುವಷ್ಟರಲ್ಲಿ ಅರ್ಧ ನಿಮಿಷ ಆಗಿರುತ್ತದೆ, ವಿಮಾನ ಏಳು ಕಿಲೋಮೀಟರ್ ಮುಂದೆ ಹೋಗಿರುತ್ತದೆ.

ಡ್ರೋನ್ ವಿಷಯ. ಡ್ರೋನ್ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ, ಎಲ್ಲೆಡೆ ಇವೆ. ಆದರೆ ಮಾಮೂಲಿ ಬ್ಯಾಟರಿ ಡ್ರೋನ್ ಅರ್ಧ ಗಂಟೆಯ ಆಸುಪಾಸಿನಲ್ಲಿ ಇಳಿಯಲೇಬೇಕು. ಮನೆ ನೋಡುವಷ್ಟು ಕೆಳಗೆ ಹಾರಿದರೆ ಜೇನುಹುಳು ಗುಂಪಾಗಿ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ. ಕದಿಯಲು ಬಂದವನು ಮೂರು ಬಣ್ಣದ ದೀಪ ಹಾಕಿಕೊಂಡು ಬರುತ್ತಾನೆಯೇ, ಅದನ್ನೂ ಯೋಚಿಸಿ. 2024ರ ಕೊನೆಯಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ನಿಗೂಢ ಡ್ರೋನ್‌ಗಳ ಗುಲ್ಲು ಎದ್ದಿತ್ತು. ತನಿಖಾ ಸಂಸ್ಥೆ ಎಫ್‌ಬಿಐಗೆ 5,000ಕ್ಕೂ ಹೆಚ್ಚು ಮಾಹಿತಿ ಬಂದವು. ಮುಂದೆ ತನಿಖೆ ಮಾಡಬಹುದಾದ ಎಳೆ ಸಿಕ್ಕಿದ್ದು ಸುಮಾರು 100ರಲ್ಲಿ. ಜನ ನೋಡಿದ್ದು ಕಾನೂನಿನಂತೆ ಹಾರುತ್ತಿದ್ದ ಡ್ರೋನ್, ವಿಮಾನ, ಹೆಲಿಕಾಪ್ಟರ್, ನಕ್ಷತ್ರ ಎಲ್ಲ ಸೇರಿದ ಕಲಸುಮೇಲೋಗರ ಎಂದು ಸರ್ಕಾರ ಹೇಳಿತು. ಆ ಗದ್ದಲದಲ್ಲಿ ಮಾಜಿ ಗವರ್ನರ್ ಒಬ್ಬರು ‘ನಮ್ಮ ಮನೆ ಮೇಲೆ ಹತ್ತಾರು ಡ್ರೋನ್’ ಎಂದು ಹಾಕಿದ ವಿಡಿಯೊದಲ್ಲಿ ಇದ್ದದ್ದು ಮಹಾವ್ಯಾಧನ ನಕ್ಷತ್ರಗಳು, ನಿಮ್ಮ ದೀಪದ ಮೇಲ್ಗಡೆ ಇರುವವೇ. ನಿಮ್ಮ ಪಕ್ಕದ ಮನೆಯವರ ಜೊತೆಗೆ ದೊಡ್ಡವರೂ ಇದ್ದಾರೆ.

ಅನ್ಯಗ್ರಹದವರ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಮನಸ್ಸಿನಲ್ಲಿ ಇದ್ದೀತು. ಅಮೆರಿಕದ ವಾಯುಪಡೆ 1969ರವರೆಗೆ ಇಂಥ 12,618 ವರದಿಗಳನ್ನು ಪರಿಶೀಲಿಸಿ ಕೊನೆಗೆ 701ಕ್ಕೆ ‘ಗುರುತಾಗಿಲ್ಲ’ ಎಂದು ಷರಾ ಬರೆಯಿತು. ಗುರುತಾಗಿಲ್ಲ ಎಂದರೆ ಅಷ್ಟೇ ಅರ್ಥ. ನನ್ನ ಕಡತದಲ್ಲೂ ಅಂಥವು ಕೆಲವಿವೆ, ಬಹುಪಾಲಿನಲ್ಲಿ ಹೊತ್ತೋ ದಿಕ್ಕೋ ಬರೆದಿಲ್ಲ.

ಈಗ ಏನು ಮಾಡಬಹುದು. ಖರ್ಚಿಲ್ಲದ ದಾರಿ ಒಂದು ನೋಟ್‌ಬುಕ್: ಗಂಟೆ, ದಿಕ್ಕು, ದಿಗಂತದಿಂದ ಎಷ್ಟು ಮುಷ್ಟಿ ಮೇಲೆ (ತೋಳು ಚಾಚಿ ಹಿಡಿದ ಮುಷ್ಟಿ ಹತ್ತು ಡಿಗ್ರಿ), ಎಷ್ಟು ಹೊತ್ತು ಇತ್ತು, ಯಾವ ಕಡೆ ಹೋಯಿತು. ಇಬ್ಬರು ನೋಡಿದ್ದರೆ ಮಾತಾಡಿಕೊಳ್ಳುವ ಮೊದಲೇ ಬೇರೆಬೇರೆ ಬರೆಯಿರಿ, ಮಾತಾಡಿದ ಮೇಲೆ ಇಬ್ಬರ ನೆನಪೂ ಒಂದೇ ಆಗಿಬಿಡುತ್ತದೆ. ಸ್ಟೆಲ್ಲೇರಿಯಂ ಎಂಬ ಆ್ಯಪ್ ನಕ್ಷತ್ರ, ಗ್ರಹಗಳನ್ನು ತೋರಿಸುತ್ತದೆ, ಹೆವೆನ್ಸ್ ಅಬೌವ್ ಉಪಗ್ರಹಗಳ ಹೊತ್ತು ಹೇಳುತ್ತದೆ, ಫ್ಲೈಟ್‌ರಾಡಾರ್24 ವಿಮಾನಗಳದ್ದು. ಆದರೆ ಮೊಬೈಲಿನ ದಿಕ್ಸೂಚಿ ತಾರಸಿಯ ಕಬ್ಬಿಣದ ಹತ್ತಿರ ದಿಕ್ಕು ತಪ್ಪುತ್ತದೆ, ಮೊದಲು ಚಂದ್ರನನ್ನೋ ಗೊತ್ತಿರುವ ಗ್ರಹವನ್ನೋ ಹಿಡಿದು ತಾಳೆ ನೋಡಿಕೊಳ್ಳಿ. ವಿಮಾನದ ಆ್ಯಪಿನಲ್ಲಿ ಸೇನಾ ವಿಮಾನಗಳು ಎಲ್ಲವೂ ಬರುವುದಿಲ್ಲ. ಅಲ್ಲಿ ಕಾಣಲಿಲ್ಲ ಎನ್ನುವುದೇ ಸಾಕ್ಷಿಯಲ್ಲ.

ಟೆಲಿಸ್ಕೋಪ್ ಇದಕ್ಕಾಗಿ ಬೇಡ. ಓಡುವುದನ್ನು ಅದರಲ್ಲಿ ಹಿಡಿಯಲಾಗದು, ನಿಂತ ನಕ್ಷತ್ರ ಅದರಲ್ಲೂ ಚುಕ್ಕಿಯೇ. ಬೈನಾಕ್ಯುಲರ್ ಇದ್ದರೆ ಮೊಣಕೈಯನ್ನು ಗೋಡೆಗೆ ಊರಿ ನೋಡಿ. ವಿಮಾನವಾದರೆ ದೀಪಗಳು ಬಿಡಿಬಿಡಿಯಾಗಿ ಕಾಣುತ್ತವೆ. ಸೂರ್ಯ ಪೂರ್ತಿ ಮುಳುಗುವ ಮುಂಚೆ ಪಶ್ಚಿಮದ ಕಡೆ ಅದನ್ನು ಎತ್ತಲೇಬೇಡಿ, ಕಣ್ಣು ಕ್ಷಣದಲ್ಲಿ ಹೋಗುತ್ತದೆ. ಸಿಸಿಟಿವಿ ಹಾಕಿಸುವ ಯೋಚನೆಯಿದ್ದರೆ ಮನೆ ಬಾಗಿಲಿಗೆ ಹಾಕಿಸಿ, ಆಕಾಶಕ್ಕಲ್ಲ. ರಾತ್ರಿ ಅದರ ಇನ್‌ಫ್ರಾರೆಡ್ ಬೆಳಕಿಗೆ ಹತ್ತಿರ ಹಾರಿದ ಪ್ರತಿ ಹುಳುವೂ ಹೊಳೆಯುವ ಗೋಲವಾಗಿ ಕಾಣುತ್ತದೆ, ನಿಮಗೆ ಹೊಸ ತಲೆನೋವು.

ಲೇಸರ್. ಮಗ ಅದನ್ನು ಲುಬ್ಧಕದ ಕಡೆ ತಿರುಗಿಸಿದರೆ ಲುಬ್ಧಕಕ್ಕೆ ಏನೂ ಆಗುವುದಿಲ್ಲ. ಆದರೆ ‘ದೀಪ’ ಎಂದುಕೊಂಡಿದ್ದು ಒಂದು ದಿನ ಇಳಿಯುತ್ತಿರುವ ವಿಮಾನವಾಗಿದ್ದರೆ? ಕೈಯಲ್ಲಿ ಸಣ್ಣ ಚುಕ್ಕಿಯಾಗಿರುವ ಕಿರಣ ದೂರ ಹೋಗುತ್ತಾ ಹರಡಿ, ಕಾಕ್‌ಪಿಟ್ಟಿನ ಗಾಜಿಗೆ ಬಿದ್ದಾಗ ಗಾಜಿಡೀ ಹಸಿರಾಗಿ ಬೆಳಗುತ್ತದೆ. ಇಳಿಯುವ ಹೊತ್ತಿನಲ್ಲಿ ಪೈಲಟ್ ಕೆಲವು ಕ್ಷಣ ಕುರುಡ. ಬಹಳಷ್ಟು ದೇಶಗಳಲ್ಲಿ ಇದು ಅಪರಾಧ. ನ್ಯೂಜೆರ್ಸಿಯಲ್ಲೂ ಜನ ಡ್ರೋನ್ ಎಂದುಕೊಂಡು ವಿಮಾನಗಳಿಗೆ ಲೇಸರ್ ಬಿಟ್ಟು, ಅಧಿಕಾರಿಗಳು ಎಚ್ಚರಿಕೆ ಕೊಡಬೇಕಾಯಿತು.

ಪೊಲೀಸರಿಗೆ ಈಗ ಹೇಳುವಂಥದ್ದು ಏನೂ ಇಲ್ಲ. ನಿಜವಾಗಿಯೂ ಕೆಳಗೆ ಹಾರುತ್ತಾ, ಗುಂಯ್ ಎನ್ನುತ್ತಾ, ಮನೆಗಳ ಸುತ್ತ ತಿರುಗುವುದನ್ನು ಕಂಡರೆ ಹೇಳಿ, ಗಂಟೆ ಬರೆದುಕೊಂಡು ಹೇಳಿ. ನನಗೆ ಇದಕ್ಕಿಂತ ಚಿಂತೆ ಆ ವಾಟ್ಸ್ಆ್ಯಪ್ ವಿಡಿಯೊದ್ದು. ಕಳ್ಳರು ಬಂದಿದ್ದಾರೆ ಎಂಬ ಮಾತು ಬೀದಿಯಲ್ಲಿ ಒಮ್ಮೆ ಕೂತರೆ, ನಾಳೆ ರಾತ್ರಿ ದಾರಿ ತಪ್ಪಿ ಬಂದ ಅಪರಿಚಿತನೇ ಕಳ್ಳನಾಗುತ್ತಾನೆ. ವಿಡಿಯೊ ನಿಮ್ಮದು, ‘ಇದು ನಾನೇ ತೆಗೆದದ್ದು, ಇದು ನಕ್ಷತ್ರ, ಇವತ್ತು ಇಷ್ಟು ಗಂಟೆಗೆ ತಾರಸಿಗೆ ಬನ್ನಿ, ತೋರಿಸ್ತೀನಿ’ ಎಂದು ಅದೇ ಗುಂಪಿನಲ್ಲಿ ಬರೆಯಿರಿ. ನೆರೆಯವರನ್ನು ಹೀಗಳೆಯದೆ ಬರೆದರೆ ಅವರೇ ಮೊದಲು ಬರುತ್ತಾರೆ.

ಮಗಳನ್ನು ಒತ್ತಾಯಿಸಿ ಮೇಲೆ ಕರೆದೊಯ್ಯಬೇಡಿ. ನೋಟ್‌ಬುಕ್ ಅವಳ ಕೈಗೆ ಕೊಟ್ಟು, ದೀಪ ಮರದ ಮೇಲೆ ಬಂದಾಗ ನೀವು ಕೂಗಿ ಹೇಳಿದ ಗಂಟೆಯನ್ನು ಕೆಳಗೆ ಕೂತೇ ಬರೆಯಲಿ. ಮುಂದಿನ ವಾರ ಅದೇ ಮರದ ತುದಿಗೆ ಅದು ಎಂಟೂಕಾಲಿಗೆ ಬರುತ್ತದೆ, ಅದರ ಮುಂದಿನ ವಾರ ಏಳೂಮುಕ್ಕಾಲಿಗೆ. ಫೆಬ್ರವರಿ ನಡುವಿನ ಹೊತ್ತಿಗೆ ರಾತ್ರಿ ಒಂಬತ್ತಕ್ಕೆ ಅದು ತಾನು ಏರಬಹುದಾದಷ್ಟು ಎತ್ತರಕ್ಕೆ ಏರಿರುತ್ತದೆ, ಜೂನ್ ಕೊನೆಯಲ್ಲಿ ಸೂರ್ಯನ ಬೆಳಕಿನಲ್ಲಿ ಸೇರಿ ಕಾಣದಾಗುತ್ತದೆ. ಇದೆಲ್ಲ ಬಿಟ್ಟು, ಬರುವ ವಾರ ಆ ಮರದ ತುದಿಗೆ ದೀಪ ಮತ್ತೆ ಒಂಬತ್ತೂಕಾಲಿಗೇ ಬಂತು ಎಂದು ಅವಳು ಬರೆದಿದ್ದರೆ ನಾನು ಹೇಳಿದ್ದು ತಪ್ಪು. ಆಗ ಆ ಪುಟದ ಫೋಟೊ ತೆಗೆದು ನನಗೆ ಕಳಿಸಿ.